ದೊಡ್ಡಪ್ಪನ ಒಡ್ಡು

ಹಸಿ ಎರೆಮಣ್ಣಿನ ವಾಸನೆ ಬಂದರೆ ಈಗಲೂ ನನ್ನ ಹಲ್ಲು ತಾನಾಗಿ ಬಿಗಿಯುತ್ತದೆ.

ನನಗಾಗ ಒಂಬತ್ತು ವರ್ಷ. ಗುತ್ತಲದ ಹತ್ತಿರ ಇಳಿಜಾರಿನ ಕೆಳಗೆ ನಮ್ಮ ಹೊಲ, ಮೇಲೆ ದೊಡ್ಡಪ್ಪನದು. ಮಳೆನೀರು ಅವನ ಹೊಲ ದಾಟಿ ನಮ್ಮ ಹೊಂಡಕ್ಕೆ ಬರುತ್ತಿತ್ತು. ಆ ವರ್ಷ ಅವನು ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿ, ನೀರನ್ನೆಲ್ಲ ತಾನೇ ನಿಲ್ಲಿಸಿಕೊಂಡ. ನಮ್ಮ ಹೊಂಡ ಬತ್ತಿ, ಮೆಣಸಿನ ಸಸಿಗಳು ಬಾಡಿ ಒರಗಿದವು. ಅವ್ವ ಕೇಳಲು ಹೋದಳು.

"ಮಳಿ ನನ್ನ ಹೊಲದಾಗ ಬಿದ್ದೈತಿ. ನೀರು ಬೇಕಂದ್ರ ನಿನ್ನ ಗಂಡನ್ನ ಎಬ್ಬಿಸಿ ಕೇಳು," ಎಂದ ದೊಡ್ಡಪ್ಪ, ಎಲೆಅಡಿಕೆ ಜಗಿಯುತ್ತಲೇ.

ಅಪ್ಪ ತೀರಿಕೊಂಡು ಆರು ತಿಂಗಳಾಗಿತ್ತು.

ಅವ್ವ ಮನೆಗೆ ಮರಳಿದಳು. ದೊಡ್ಡ ಮಳೆ ಬಂದು ಒಡ್ಡಿನ ಹಿಂದೆ ನೀರು ಕೆರೆಯಂತೆ ನಿಲ್ಲುವವರೆಗೂ ಕಾದಳು. ಮರುದಿನ ಮಧ್ಯಾಹ್ನ ಸಲಿಕೆ ಹಿಡಿದು, ನನ್ನನ್ನೂ ಕರೆದುಕೊಂಡು ಹೋಗಿ ಒಡ್ಡು ಕಡಿದಳು. ಕಪ್ಪು ನೀರು ಧುಮುಕಿ ಬಂತು. ನಮ್ಮ ಹೊಂಡ ತುಂಬಿ, ಉಕ್ಕಿ, ಹಳ್ಳದ ಕಡೆ ಹರಿಯತೊಡಗಿತು.

"ಅವ್ವಾ, ನಮಗ ಸಾಕಾತು. ಇನ್ನ ಮುಚ್ಚು," ಅಂದೆ.

"ಹರದು ಹೋಗ್ಲಿ ಬಿಡು. ಅವಗೂ ಒಂದು ಹನಿ ಉಳೀಬಾರದು."

ದೂರದಲ್ಲಿ ದೊಡ್ಡಪ್ಪ ಕಿರುಚುತ್ತ ಓಡಿ ಬರುವುದು ಕಂಡಿತು. ಅವ್ವ ಸಲಿಕೆ ನಿಲ್ಲಿಸಲಿಲ್ಲ. ನಾನು ಲಂಗ ಎತ್ತಿ ಕಟ್ಟಿಕೊಂಡು, ಉಳಿದ ಒಡ್ಡನ್ನು ಎರಡೂ ಕಾಲಿನಿಂದ ಒದೆಯತೊಡಗಿದೆ.