ಕಾಲ್‌ಶೀಟ್ ಕೇಳಿದರೆ ಕೈ ಕೊಟ್ಟ

ಅರ್ಧ ಸಿನಿಮಾ ಮುಗಿದಿತ್ತು. ಕ್ಲೈಮ್ಯಾಕ್ಸ್‌ಗೆ ಹಾಕಿಸಿದ ಸೆಟ್ಟನ್ನು ಸೋಮವಾರ ಕಳಚಬೇಕಿತ್ತು. ಹೀರೋ ಮಾತ್ರ ಈ ಸಿನಿಮಾಕ್ಕೆ ಬರೆದುಕೊಟ್ಟ ದಿನಗಳನ್ನೇ ಇನ್ನೊಂದು ಸಿನಿಮಾಕ್ಕೂ ಬರೆದುಕೊಟ್ಟಿದ್ದ.

“ಕಾಲ್‌ಶೀಟ್ ಕೇಳಿದ್ರೆ ಕೈ ಕೊಟ್ಟನಲ್ಲಯ್ಯಾ,” ಎಂದು ನಿರ್ದೇಶಕರು ಫೋನನ್ನು ಕುರ್ಚಿಗೆ ಎಸೆದರು. “ಹತ್ತು ದಿನದಿಂದ ‘ಡೇಟ್ ಹೊಂದಿಸ್ಕೋಬೇಕು ಸಾರ್’ ಅಂತಲೇ ಇದಾನೆ. ಸಾಕು, ಹೀರೋನೇ ಬದಲಾಯಿಸ್ತೀನಿ. ತಿಪ್ಪೇಶನ್ನ ಕರೀರಿ.”

ತಿಪ್ಪೇಶ ಹೀರೋನ ಡೂಪು. ಅದೇ ಎತ್ತರ, ಅದೇ ನಡಿಗೆ. ಆರು ವರ್ಷದಿಂದ ಹೀರೋ ಪರವಾಗಿ ಗಾಜು ಒಡೆದು, ಮಹಡಿಯಿಂದ ಬಿದ್ದು, ಕ್ಯಾಮೆರಾಗೆ ಬೆನ್ನು ಮಾತ್ರ ತೋರಿಸಿದವನು. ಇವತ್ತೂ ಬಂದವನೇ ಅಭ್ಯಾಸದಂತೆ ಬೆನ್ನು ಹಾಕಿ ನಿಂತ.

“ತಿಪ್ಪೇಶ, ಇವತ್ತಿಂದ ನೀನೇ ಹೀರೋ. ಹಳೇ ಸೀನೆಲ್ಲ ನಿನ್ನ ಮೇಲೇ ಮತ್ತೆ ತೆಗೀತೀನಿ. ಈ ಕಡೆ ತಿರುಗು, ಮುಖ ತೋರಿಸು.”

ತಿಪ್ಪೇಶ ತಿರುಗಲಿಲ್ಲ. ಥೇಟ್ ಹೀರೋನ ಗಂಟಲಿನಲ್ಲಿ, “ಡೇಟ್ ಹೊಂದಿಸ್ಕೋಬೇಕು ಸಾರ್,” ಎಂದ.

“ಮಿಮಿಕ್ರಿ ಸಾಕು ಕಣಯ್ಯ. ತಿರುಗು.”

“ಮಿಮಿಕ್ರಿ ಅಲ್ಲ ಸಾರ್. ಬೆನ್ನು ಎಷ್ಟು ಬೇಕಾದ್ರೂ ತಗೊಳ್ಳಿ. ಮುಖ ಮಾತ್ರ ಆ ಇನ್ನೊಂದು ಸಿನಿಮಾಕ್ಕೆ ಬರ್ಕೊಟ್ಟಿದೀನಿ. ಹೀರೋ ಅಲ್ಲಿಗೂ ಬರ್ಲಿಲ್ಲ.”