ಕೆನ್ನೆಯಷ್ಟು ಗಾಳಿ

ಆಸ್ಪತ್ರೆಯಲ್ಲಿ ಡಾಕ್ಟರು ರಬ್ಬರ್ ಬ್ಯಾಗ್ ಒತ್ತಿ ಉಸಿರು ತುಂಬುತ್ತಿರುವಾಗಲೇ ಹಸುಗೂಸು ನೀಲಿಗಟ್ಟಿತು. ಗುಂಡಿಗೆಯ ಸುತ್ತ ಗಾಳಿ ಸೇರಿಕೊಂಡು ಅದನ್ನು ಅಮುಕುತ್ತಿತ್ತು. ಸೂಜಿ ಚುಚ್ಚಿ ಗಾಳಿ ಎಳೆದ ಮೇಲೆ ಕೂಸೇನೋ ಉಳಿಯಿತು; ಡಾಕ್ಟರ ಅನುಮಾನ ಮಾತ್ರ ಅದನ್ನು ಹೊತ್ತು ತಂದಿದ್ದ ಸೂಲಗಿತ್ತಿಯ ಮೇಲೆ ಕೂತುಬಿಟ್ಟಿತು.

“ಏನಜ್ಜಿ, ಮಗು ಬಾಯಿಗೆ ಊದಿದ್ಯಾ?”

“ಹುಟ್ಟಿದಾಗ ಕೂಸು ಅಳ್ಲಿಲ್ಲ ಸ್ವಾಮಿ, ಅದ್ಕೇ ಊದ್ದೆ. ಕೆನ್ನೇಲಿ ಹಿಡಿಯೋವಷ್ಟೇ ಗಾಳಿ. ಎದೆಯಿಂದ ಊದಬಾರ್ದು ಅಂತ ನಮ್ಮವ್ವ ಹೇಳ್ಕೊಟ್ಟವ್ಳೆ.”

“ಸುಳ್ಳು ಹೇಳ್ಬೇಡ. ನೀನು ಜೋರಾಗಿ ಊದಿದ್ದಕ್ಕೇ ಶ್ವಾಸಕೋಶ ಹರಿದು ಗಾಳಿ ನುಗ್ಗಿದೆ. ಪೊಲೀಸರಿಗೆ ಬರೀತೀನಿ.”

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನರ್ಸ್ ಒಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: “ಸಾರ್, ಇದು ನೀವು ಬ್ಯಾಗ್ ಒತ್ತೋಕೆ ಮುಂಚೆ ತೆಗೆದಿದ್ದು. ಗುಂಡಿಗೆ ಸುತ್ತ ಗಾಳಿನೇ ಇಲ್ಲ.”