ತಗಡಿನ ಸೂರು

ಭೂವಿಜ್ಞಾನಿ ಜ್ಯೋತ್ಸ್ನಾಳ ಕಂಪ್ಯೂಟರ್ ಪರದೆಯಲ್ಲಿ ತುರ್ಭೆಯ ಗುಡ್ಡದ ತುಂಬ ಕೆಂಪು ಚುಕ್ಕೆಗಳು. ಒಂದೊಂದೂ ಜಾರುತ್ತಿರುವ ನೆಲದ ಮೇಲಿನ ಒಂದು ತಗಡಿನ ಸೂರು. ಬರೀ ಹುಲ್ಲಿದ್ದರೆ ಉಪಗ್ರಹದ ರಾಡಾರಿಗೆ ನೆಲದ ಅಲುಗಾಟ ಸಿಗುವುದಿಲ್ಲ, ಅದರ ಅಲೆ ತಿರುಗಿ ಚಿಮ್ಮಲು ತಗಡು ಬೇಕು ಎಂದಿದ್ದವಳು ಅವಳೇ. ಆ ಗುಡ್ಡದಲ್ಲಿ ವಸತಿ ಟವರ್ ಕಟ್ಟಬೇಕೆಂದಿದ್ದ ಬಿಲ್ಡರ್ ವಸಂತಕುಮಾರ, ಮೊದಲು ನೆಲ ನೋಡಲೆಂದು ತನ್ನ ಕೂಲಿಯವರಿಗೆ ಪುಕ್ಕಟೆ ತಗಡು ಕೊಟ್ಟು ಅಲ್ಲಿ ಜೋಪಡಿ ಹಾಕಿಸಿದ್ದ.

"ಬಚಾವಾದೆವು ಮಾರಾಯ್ರೇ. ಟವರ್ ಆಚೆ ಗುಡ್ಡದಲ್ಲಿ ಕಟ್ಟುವ. ಅಲ್ಲಿ ನೆಲ ಗಟ್ಟಿ ಉಂಟಾ?" ಎಂದ ವಸಂತಕುಮಾರ.

"ಗೊತ್ತಾಗೋದಿಲ್ಲ ಸರ್. ಅಲ್ಲೂ ಬರೀ ಹುಲ್ಲು."

ಅಷ್ಟರಲ್ಲಿ ಆ ಜೋಪಡಿಯೊಂದರ ಕೂಲಿ ಅಂಬಾರಾಯ ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದು ಕೈಮುಗಿದ. "ಸಾಹೇಬ್ರ, ನಿಮ್ಮ ಪುಣ್ಯದಿಂದ ತಲಿಮ್ಯಾಗ ಸೂರು ಆತ್ರಿ. ಈಗ ತಮ್ಮನ ಹೆಂಡ್ತಿ ಮಕ್ಕಳೂ ಬಂದಾರ. ಇನ್ನೊಂದೀಟು ತಗಡ ಕೊಟ್ರ..."

"ಕೊಡುವ. ಎಲ್ಲಿ ಹಾಕಬೇಕಂತ ಮೇಡಮ್ ತೋರಿಸ್ತಾರೆ."

ಜ್ಯೋತ್ಸ್ನಾ ಪರದೆಯಲ್ಲಿ ಚುಕ್ಕೆಗಳಿಲ್ಲದ ಆಚೆ ಗುಡ್ಡದ ಮೇಲೆ ಬೆರಳಿಟ್ಟಳು.